ಪಾಪಕ್ಕನ ಮನೆಗೆ ಬಂದ ಬಂತಮ್ಮ

ಪಾಪಕ್ಕ ಯಾರನ್ನೂ ನಂಬುವವಳಲ್ಲ. ಊರಿಗಾಮಿನ ಚಿನ್ನದ ಗಣಿಯ ಲೈನುಮನೆಗಳಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹಾಲು ಹಾಕುವುದು ಅವಳ ಕಸುಬು. ತಾನೇ ಒಂದಿಷ್ಟು ನೀರು ಬೆರೆಸುತ್ತಿದ್ದುದರಿಂದ, ಲೋಕದಲ್ಲಿ ನೀರು ಬೆರೆಯದ ವಸ್ತುವೇ ಇಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದಳು. ಹಿಂಡಿ ಕೊಂಡರೆ ಮೂಸಿ ನೋಡುವಳು. ಯಾರಾದರೂ ಸ್ವಲ್ಪ ಹೆಚ್ಚಾಗಿ ನಕ್ಕು ಮಾತಾಡಿಸಿದರೆ, ಇವರಿಗೆ ನನ್ನಿಂದ ಏನಾಗಬೇಕು ಎಂದು ಮನೆ ಸೇರುವವರೆಗೂ ಯೋಚಿಸುವಳು.

ಗಂಡ ಗಣಿಯೊಳಗೆ ಬಂಡೆ ಸಿಡಿದು ಸತ್ತಿದ್ದ. ಮಕ್ಕಳಿರಲಿಲ್ಲ. ಲೈನುಮನೆ ಬಿಟ್ಟು ಹತ್ತಿರದ ತವರು ಹಳ್ಳಿಗೆ ಬಂದು ಎಮ್ಮೆ ಕಟ್ಟಿಕೊಂಡಿದ್ದಳು. ಅಲ್ಲಿ ಅವಳಿಗೆ ಉಳಿದಿದ್ದವನು ತಮ್ಮ ಆದಿನಾರಾಯಣ ಒಬ್ಬನೇ. ಅವನೂ ಗಣಿಗೆ ಇಳಿದರೆ ಬದುಕು ಸರಿಯಾಗುತ್ತದೆಂದು ಪಾಪಕ್ಕ ಹಟ ಹಿಡಿದಳು. ಭಾವನ ಹೆಣ ಕಂಡಿದ್ದ ಅವನು, ಭೂಮಿ ಕೆಳಗೆ ಸಾಯಲಾರೆ ಎಂದ. ಮಾತಿಗೆ ಮಾತು ಬೆಳೆದು, "ಅಂಗಾದ್ರೆ ನನ್ನ ಪಾಲಿಗೆ ನೀನು ಸತ್ತೆ, ಓಗು" ಎಂದುಬಿಟ್ಟಳು ಪಾಪಕ್ಕ. ಅವನು ಹೋಗಿಯೇಬಿಟ್ಟ. ಬೆಂಗಳೂರಿನ ದಂಡಿನಲ್ಲಿ ಯಾವನೋ ದೊರೆಯ ಕುದುರೆ ತಿಕ್ಕುತ್ತಿದ್ದಾನಂತೆ, ದೊರೆಯ ಜೊತೆ ಕ್ವೆಟ್ಟಾ ಎಂಬ ಊರಿಗೆ ಹೋದನಂತೆ ಎಂಬಷ್ಟು ಸುದ್ದಿ ಬಂತು. ಆಮೇಲೆ ಏನೂ ಇಲ್ಲ. ಅವನ ಪಾಲಿನ ಹೊಲವನ್ನು ಚಿಕ್ಕಪ್ಪನ ಮಗ ವೆಂಕಟೇಶಪ್ಪ ಉಳತೊಡಗಿದ.

ಸಾವಿರದ ಒಂಬೈನೂರ ಮೂವತ್ತೈದರ ಬೇಸಿಗೆಯಲ್ಲಿ ಕ್ವೆಟ್ಟಾದಲ್ಲಿ ಭೂಮಿ ನಡುಗಿ, ಒಂದೇ ಏಟಿಗೆ ಊರೆಲ್ಲ ಮಣ್ಣಾಯಿತೆಂದು ಲೈನುಗಳಲ್ಲಿ ಸುದ್ದಿಯಾಯಿತು. ದೊರೆಗಳ ಹಿಂದೆ ಅಡುಗೆಗೆ, ಲಾಯಕ್ಕೆಂದು ಹೋದವರು ಇಲ್ಲಿಯ ತಮಿಳರಲ್ಲೂ ಇದ್ದರು. ಊರಿಗಾಮಿನ ಚರ್ಚಿನವರು ಮನೆಮನೆಯಿಂದ ಹಿಡಿ ಅಕ್ಕಿ, ಹಳೇ ಬಟ್ಟೆ, ಕಂಬಳಿ ಎತ್ತಿದರು. ಉಪದೇಶಿ ದೇವಸಹಾಯಂ ಚೀಲ ಹಿಡಿದು ಪಾಪಕ್ಕನನ್ನೂ ಕೇಳಿದ. ಅಷ್ಟು ದೂರಕ್ಕೆ ಹೋಗುವ ಅಕ್ಕಿ ದಾರಿಯಲ್ಲಿ ಯಾರ ಹೊಟ್ಟೆಗೆ ಹೋಗುತ್ತದೋ ಎಂದಳು ಅವಳು. ತಮ್ಮನ ಹೆಸರು ಬಾಯಿಗೆ ಬಂದಿತ್ತು, ನುಂಗಿಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ದೇವಸಹಾಯಂ ಅವಳ ಹಳ್ಳಿಗೇ ಬಂದ. ಹಿಂದೆ ಒಬ್ಬ ಹೆಂಗಸು, ಸೊಂಟದಲ್ಲಿ ಮೂರೋ ನಾಲ್ಕೋ ವರ್ಷದ ಹೆಣ್ಣುಮಗು. ಹೆಂಗಸು ಎತ್ತರ, ಬಿಳಿಚಿಕೊಂಡ ಮುಖ, ಉಟ್ಟಿದ್ದು ಯಾರೋ ದಾನ ಕೊಟ್ಟ ಸೀರೆ. ಅದನ್ನು ಉಟ್ಟು ಅಭ್ಯಾಸವಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಆದಿನಾರಾಯಣ ತೀರಿಹೋದ, ಇವಳು ಅವನ ಹೆಂಡತಿ, ಇದು ಮಗಳು ಎಂದ ದೇವಸಹಾಯಂ. ಕ್ವೆಟ್ಟಾದಲ್ಲಿ ಬದುಕಿ ಉಳಿದವರನ್ನು, ನಿಮ್ಮವರು ಎಲ್ಲಿದ್ದಾರೆ ಎಂದು ಪಾದ್ರಿಗಳು ಕೇಳಿದಾಗ ಇವಳು 'ಬಂಗಾರಪೇಟೆ' ಎಂಬ ಒಂದೇ ಮಾತು ಹೇಳಿದಳಂತೆ. ಒಂದು ಮಿಷನ್ನಿನವರು ಇನ್ನೊಂದು ಮಿಷನ್ನಿಗೆ ಒಪ್ಪಿಸುತ್ತಾ, ರೈಲಿಂದ ರೈಲಿಗೆ ದಾಟಿಸಿ ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿಸಿದ್ದರು. ದೇವಸಹಾಯಂ ಆದಿನಾರಾಯಣನ ಹೆಸರು ಹಿಡಿದು ವಿಚಾರಿಸುತ್ತಾ ಇಲ್ಲಿಯವರೆಗೆ ತಲುಪಿದ್ದ.

ತಮ್ಮ ಸತ್ತ ಸುದ್ದಿಗೆ ಪಾಪಕ್ಕ ಅಳಲಿಲ್ಲ. ನಂಬಿದರೆ ತಾನೇ ಅಳುವುದು? ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, ಹೆಸರೇನು ಎಂದಳು. 'ಬಂತೋ' ಎಂದು ತನ್ನ ಹೆಸರು ಹೇಳಿದಳು ಅವಳು. ಮಗುವಿನ ಹೆಸರು ಮುನ್ನಿ. ಮುನಿರತ್ನ, ಮುನಿಗಂಗ ಎಂದು ಮನೆಗೊಂದು ಮುನಿ ಇರುವ ಸೀಮೆ ಇದು. ತಮ್ಮನೇ ಇಟ್ಟ ಹೆಸರಿರಬಹುದೆಂದು ಪಾಪಕ್ಕನ ಎದೆ ಒಮ್ಮೆ ಹಗುರಾಯಿತು. ಅಷ್ಟರಲ್ಲಿ ದೇವಸಹಾಯಂ, ಆ ಕಡೆ ಎಲ್ಲ ಹೆಣ್ಣುಮಕ್ಕಳನ್ನೂ ಮುನ್ನಿ ಅಂತಲೇ ಕರೆಯುತ್ತಾರಂತೆ ಎಂದ. ಪಾಪಕ್ಕನಿಗೆ ಮತ್ತೆ ಗುಮಾನಿ ಹತ್ತಿತು.

ಪಾಪಕ್ಕ ಪರೀಕ್ಷೆಗೆ ಇಳಿದಳು. ತಮ್ಮ ಯಾವ ಕೈಯಲ್ಲಿ ಕೆಲಸ ಮಾಡುತ್ತಿದ್ದ? ಬಂತೋ ಎಡಗೈ ಎತ್ತಿ ತೋರಿಸಿದಳು. ಅದು ನಿಜ, ಅವನು ಎಡಚ. ಬೆನ್ನ ಮೇಲೆ ಏನಿತ್ತು? ದೇವಸಹಾಯಂ ತನ್ನ ಹರಕು ಹಿಂದೂಸ್ತಾನಿಯಲ್ಲಿ ಎರಡೆರಡು ಸಲ ಬಿಡಿಸಿ ಕೇಳಿದ. ಬಂತೋ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಚಿಕ್ಕಂದಿನಲ್ಲಿ ಒಲೆ ಮೇಲೆ ಬಿದ್ದು ಅಂಗೈಯಗಲ ಸುಟ್ಟಿದ್ದ ಗಾಯ, ಗಂಡನ ಬೆನ್ನಿನದು ಹೆಂಡತಿಗೆ ಗೊತ್ತಿಲ್ಲವೆಂದರೆ? ಕೊನೆಗೆ, ನನ್ನ ವಿಚಾರ ಏನು ಹೇಳುತ್ತಿದ್ದ ಎಂದು ಕೇಳಿದಳು.

ಬಂತೋ ಹೇಳಿದ್ದನ್ನು ದೇವಸಹಾಯಂ ಹಿಂದುಮುಂದು ನೋಡುತ್ತಲೇ ಕನ್ನಡಕ್ಕೆ ತಂದ. ತನ್ನವರೆಲ್ಲ ಸತ್ತುಹೋಗಿದ್ದಾರೆ ಎನ್ನುತ್ತಿದ್ದನಂತೆ.

ಅದೊಂದು ಮಾತು ಮಾತ್ರ ತಮ್ಮನದೇ ಎಂದು ಪಾಪಕ್ಕನಿಗೆ ಅನಿಸಿತು. ಆದರೂ ಒಳಗೆ ಕರೆಯಲಿಲ್ಲ. ಯಾವ ಜಾತಿಯೋ, ಯಾವ ಊರೋ. ಕೊಟ್ಟಿಗೆಯ ಪಕ್ಕದ ಇಳಿಮಾಡಿನ ಕೆಳಗೆ ಜಾಗ ತೋರಿಸಿ, ಬೇರೆ ತಟ್ಟೆ ಇಟ್ಟಳು.

ಊರಿನವರ ಬಾಯಲ್ಲಿ ಬಂತೋ ಬಂತಮ್ಮ ಆದಳು. ಎಲ್ಲಿಂದಲೋ ಬಂತು, ಯಾಕೆ ಬಂತೋ ಎಂದು ನೀರಿನ ಬಾವಿಯ ಹತ್ತಿರ ನಗುತ್ತಿದ್ದರು. ವೆಂಕಟೇಶಪ್ಪ ಮಾತ್ರ ನಗಲಿಲ್ಲ. ಚರ್ಚಿನವರು ಸುಮ್ಮನೆ ಯಾರನ್ನೂ ತಂದು ಬಿಡುವುದಿಲ್ಲ, ಇವತ್ತು ಹೆಂಗಸನ್ನು ನೆಟ್ಟರು, ನಾಳೆ ಹೊಲ ಕೇಳಿಸುತ್ತಾರೆ, ನಾಡಿದ್ದು ನಿನ್ನ ಕೊರಳಿಗೂ ಶಿಲುಬೆ ಕಟ್ಟುತ್ತಾರೆ ಎಂದು ಪಾಪಕ್ಕನ ಕಿವಿ ಕಚ್ಚಿದ. ಪಾಪಕ್ಕನಿಗೂ ಹಾಗೇ ಅನಿಸಿತ್ತು. ಆದರೆ ಅದನ್ನೇ ವೆಂಕಟೇಶಪ್ಪನ ಬಾಯಲ್ಲಿ ಕೇಳಿದಾಗ, ಇವನಿಗೆ ಯಾಕೆ ಇಷ್ಟು ಉರಿ ಎಂದು ಅವನ ಮೇಲೂ ಗುಮಾನಿ ಹುಟ್ಟಿತು.

ಬಂತೋಳನ್ನು ಅವಳು ಕಾಯುತ್ತಲೇ ಇದ್ದಳು. ಹಾಲು ಹಾಕಲು ಹೊರಟವಳು ಏನೋ ಮರೆತವಳಂತೆ ಅರ್ಧ ದಾರಿಯಿಂದ ವಾಪಸು ಬಂದು ಇಣುಕುವಳು. ಪ್ರತಿ ಸಲವೂ ಬಂತೋ ಸಗಣಿ ಬಾಚುತ್ತಲೋ, ಮಗುವಿನ ತಲೆ ಬಾಚುತ್ತಲೋ ಇರುತ್ತಿದ್ದಳು. ಏನೂ ಸಿಗದಿದ್ದರೆ ಗುಮಾನಿ ಕರಗಬೇಕು. ಪಾಪಕ್ಕನಿಗೆ ಅದು ಇನ್ನಷ್ಟು ಗಟ್ಟಿಯಾಯಿತು. ಯಾವಳಾದರೂ ಇಷ್ಟು ಒಳ್ಳೆಯವಳಾಗಿರುತ್ತಾಳೆಯೇ? ದೇವಸಹಾಯಂ ಆಗಾಗ ಮಗುವಿಗೆ ಬಟ್ಟೆ ತಂದುಕೊಟ್ಟಾಗ, ಒಳಗೆ ಏನಾದರೂ ಹೊಲಿದಿಟ್ಟಿದ್ದಾರೋ ಎಂದು ಅಂಚು ಮಡಿಕೆಗಳನ್ನೆಲ್ಲ ಹಿಸುಕಿ ನೋಡುತ್ತಿದ್ದಳು. ಈ ನಡುವೆ ಬಂತೋ ತೆಲುಗು ಬೆರೆತ ಊರ ಕನ್ನಡವನ್ನು ಅಷ್ಟಿಷ್ಟು ಕಲಿತಳು. ಮುನ್ನಿಯಂತೂ ಪಾಪಕ್ಕನನ್ನು ಅತ್ತೆ ಎಂದು ಕರೆಯತೊಡಗಿತು. ಯಾರು ಹೇಳಿಕೊಟ್ಟರು ಎಂದು ಪಾಪಕ್ಕ ಗದರಿಸಿ ಕೇಳಿದರೆ ಮಗು ನಕ್ಕುಬಿಟ್ಟಿತು.

ಸುಗ್ಗಿಯ ಹೊತ್ತಿನಲ್ಲಿ ಒಂದು ಮಧ್ಯಾಹ್ನ ಗಣಿಯ ಆಳದಲ್ಲಿ ಬಂಡೆ ಸಿಡಿಯಿತು. ಆ ಸೀಮೆಗೆ ಅದು ಹೊಸದಲ್ಲ. ನೆಲ ಒಮ್ಮೆ ಗುಡುಗುತ್ತದೆ, ಗೂಡಿನ ಪಾತ್ರೆಗಳು ಕಣಕಣ ಎನ್ನುತ್ತವೆ, ಒಳಗೆ ಯಾರ ಮನೆಯವರಿದ್ದಾರೋ ಎಂದು ಜನ ಊರಿಗಾಮಿನ ಕಡೆ ನೋಡುತ್ತಾರೆ, ಅಷ್ಟೆ. ಮೊಸರು ಕಡೆಯುತ್ತಿದ್ದ ಪಾಪಕ್ಕ ಕಡಗೋಲು ಹಿಡಿದೇ ಇದ್ದಳು. ಅಂಗಳದಿಂದ ಒಂದು ಸದ್ದು ಕೇಳಿ ಹೊರಗೆ ಬಂದರೆ, ಬಂತೋ ಮಗುವನ್ನು ನೆಲಕ್ಕೆ ಅವುಚಿ ಅದರ ಮೇಲೆ ಬೋರಲು ಬಿದ್ದಿದ್ದಳು. ಮಗು ಅಳುತ್ತಿತ್ತು. ಪಾಪಕ್ಕ ಎಷ್ಟು ಎಳೆದರೂ ಅವಳ ಕೈ ಬಿಡಿಸಲಾಗಲಿಲ್ಲ. ಉಗುರಿನ ತುಂಬ ಅಂಗಳದ ಮಣ್ಣು.

ಅವಳ ಹಿಡಿತ ಸಡಿಲವಾದ ಮೇಲೆ ಪಾಪಕ್ಕ ನೀರು ಕುಡಿಸಿದಳು. ಮೊದಲ ಸಲ ತನ್ನ ಚೊಂಬಿನಲ್ಲೇ. ಇಂಥ ಹೊತ್ತಿನಲ್ಲಿ ಯಾರ ಬಾಯಿಂದಲೂ ಸುಳ್ಳು ಹೊರಡುವುದಿಲ್ಲವೆಂದು ಗುಮಾನಿಯ ಪಾಪಕ್ಕನಿಗೆ ಗೊತ್ತು. ತಗ್ಗಿದ ದನಿಯಲ್ಲಿ ಕೇಳಿದಳು:

"ನೀನು ನನ್ನ ತಮ್ಮನ ಎಂಡ್ತಿ ಅಲ್ಲ. ಅಲ್ವಾ?"

"ಅಲ್ಲ ಅಕ್ಕಾ."

"ಮತ್ತೆ ಈ ಮಗು?"

"ಅವರದೇ. ಅವರ ಮನೆ, ನಮ್ಮ ಮನೆ, ಗೋಡೆ ಒಂದೇ." ಬಂತೋ ಮಾತು ಹುಡುಕಿ ಹುಡುಕಿ ಹೇಳಿದಳು. "ಮನೆ ಬಿತ್ತು. ಮಣ್ಣಿನ ಒಳಗೆ ಮಗು ಅಳ್ತಾ ಇತ್ತು. ನನ್ನ ಮಗು ಅಂತ ಅಗೆದೆ. ಕೈಯಲ್ಲಿ ಅಗೆದೆ. ಸಿಕ್ಕಿದ್ದು ಇದು."

ಅವಳ ಗಂಡ, ಅವಳ ಮಗ ಸಿಗಲೇ ಇಲ್ಲ. ಆದಿನಾರಾಯಣ, ಅವನು ಅಲ್ಲೇ ಮದುವೆಯಾಗಿದ್ದ ಹೆಂಡತಿ ಇಬ್ಬರೂ ಹೋಗಿದ್ದರು. ಬದುಕಿ ಉಳಿದವರ ಬಿಡಾರದಲ್ಲಿ ಪಾದ್ರಿಗಳು ಮಗುವಿಗೆ ನೀನೇನಾಗಬೇಕು ಎಂದು ಕೇಳಿದಾಗ, ಯಾರೂ ಅಲ್ಲ ಎಂದರೆ ಅನಾಥಾಲಯಕ್ಕೆ ಒಯ್ಯುತ್ತಾರೆಂದು ಹೆದರಿ ತಾಯಿ ಎಂದಿದ್ದಳು. ತಾಯಿ ಎಂದ ಮೇಲೆ ಹೆಂಡತಿಯೂ ಆಗಬೇಕಾಯಿತು. ಆದಿನಾರಾಯಣ ಯಾವಾಗಲೋ ತನ್ನೂರಿನ ದಾರಿ ಹೇಳುವಾಗ ಬಂಗಾರಪೇಟೆಯ ಹೆಸರೆತ್ತಿದ್ದನಂತೆ. ಅದೊಂದೇ ನೆನಪಿನಲ್ಲಿತ್ತು.

ಪಾಪಕ್ಕ ಕಂಬಕ್ಕೆ ಒರಗಿ ಕೂತಳು. ತನ್ನ ಗುಮಾನಿ ನಿಜವಾಗಿತ್ತು, ಗೆದ್ದೆನೆಂದು ಮಾತ್ರ ಅನಿಸಲಿಲ್ಲ. ಮಗು ತಮ್ಮನದೆಂಬುದಕ್ಕೂ ಇವಳ ಬಾಯಿಮಾತೊಂದೇ ಆಧಾರ ಎಂಬುದೂ ಅವಳಿಗೆ ಹೊಳೆಯದಿರಲಿಲ್ಲ. ಮಗುವನ್ನು ಇಲ್ಲಿ ಮುಟ್ಟಿಸಿದ್ದಾಯಿತಲ್ಲ, ನೀನು ಯಾಕೆ ನಿನ್ನ ದಾರಿ ಹಿಡಿಯಲಿಲ್ಲ ಎಂದು ಕೇಳಿದಳು. ಆ ಪ್ರಶ್ನೆಯೇ ಅರ್ಥವಾಗದವಳಂತೆ ಬಂತೋ ಮಗುವಿನ ಕೂದಲಿನ ಮಣ್ಣು ಕೊಡವತೊಡಗಿದಳು. ಅವತ್ತು ಸಂಜೆ, ಅಷ್ಟು ದಿನ ಬಿಗಿಹಿಡಿದಿದ್ದ ಪಾಪಕ್ಕ ತಮ್ಮನಿಗಾಗಿ ಎಮ್ಮೆಯ ಮಗ್ಗುಲಲ್ಲಿ ಕೂತು ಅತ್ತಳು.

ವೆಂಕಟೇಶಪ್ಪ ಸುಮ್ಮನಿರಲಿಲ್ಲ. ಊರ ಹಿರಿಯರನ್ನು ಕೂಡಿಸಿದ. ಇವಳು ಆದಿನಾರಾಯಣನ ಹೆಂಡತಿಯೇ ಆದರೆ ಪಾಪಕ್ಕನೇ ಗಂಗಮ್ಮನ ಗುಡಿಯಲ್ಲಿ ಕರ್ಪೂರ ಆರಿಸಿ ಆಣೆಯಿಟ್ಟು ಹೇಳಲಿ ಎಂದ. ಉರಿವ ಕರ್ಪೂರ ಆರಿಸಿ ಸುಳ್ಳು ಹೇಳಿದವರು ಉದ್ಧಾರವಾಗಿದ್ದನ್ನು ಆ ಊರಲ್ಲಿ ಯಾರೂ ಕಂಡಿರಲಿಲ್ಲ. ಪಾಪಕ್ಕ ಬೆಳಗಿನ ಹಾಲು ಹಾಕಿ ಬಂದು, ಸ್ನಾನ ಮಾಡಿ, ನೆಟ್ಟಗೆ ಗುಡಿಗೆ ಹೋದಳು. ಒಂದು ಪಕ್ಕದಲ್ಲಿ ಬಂತೋ ಮಗುವನ್ನು ಎತ್ತಿಕೊಂಡು ನಿಂತಿದ್ದಳು.

ಪಾಪಕ್ಕ ಕರ್ಪೂರದ ಮೇಲೆ ಅಂಗೈ ಒತ್ತಿದಳು.

"ಇದು ನನ್ನ ತಮ್ಮನ ಮಗು. ಇವಳು ಇದರ ತಾಯಿ."

ಹೆಂಡತಿ ಹೌದೋ ಅಲ್ಲವೋ ಅದನ್ನು ಹೇಳು ಎಂದ ವೆಂಕಟೇಶಪ್ಪ. ಪಾಪಕ್ಕ ಅವನ ಕಡೆ ತಿರುಗಿದಳು.

"ಮಗು ಅವನದು, ತಾಯಿ ಇವಳು ಅಂದ್ಮೇಲೆ ಇನ್ನೇನು ಬಿಡಿಸಿ ಏಳ್ಬೇಕು ಕಣ್ಲಾ, ನಾಕು ಜನರ ಮುಂದೆ?"

ಹಿರಿಯರು ತಲೆ ತಗ್ಗಿಸಿ ನಕ್ಕರು. ಮಾತು ಅಲ್ಲಿಗೆ ಮುಗಿಯಿತು. ಮುಂದಿನ ಮಳೆಗೆ ಆದಿನಾರಾಯಣನ ಪಾಲಿನ ಹೊಲದಲ್ಲಿ ಪಾಪಕ್ಕ, ಬಂತೋ ಸೇರಿ ರಾಗಿ ಬಿತ್ತಿದರು. ವೆಂಕಟೇಶಪ್ಪ ಅವರ ಜೊತೆ ಮಾತು ಬಿಟ್ಟ.

ಇದಾದ ಮೇಲೆ ಪಾಪಕ್ಕ ಎಲ್ಲರನ್ನೂ ನಂಬತೊಡಗಿದಳೆಂದು ಯಾರೂ ತಿಳಿಯಬಾರದು. ದೇವಸಹಾಯಂ ಬಂದಾಗ, ಇವನು ಇನ್ನೂ ಏನೋ ಕೇಳಲಿದ್ದಾನೆ ಎಂದು ಕಾಯುತ್ತಿದ್ದಳು. ಅವನು ಮಜ್ಜಿಗೆ ಕುಡಿದು ಹೋಗುತ್ತಿದ್ದ. ಬಂತೋಳ ಕಡೆಯವರು ಯಾರಾದರೂ ಬದುಕಿದ್ದು ಹುಡುಕಿಕೊಂಡು ಬಂದಾರೆಂಬ ಭಯವೂ ವರ್ಷಗಟ್ಟಲೆ ಇತ್ತು. ಗುರುತಿಲ್ಲದವರು ಬೀದಿಗೆ ಬಂದರೆ ಅವಳನ್ನು ಒಳಗೆ ಕಳಿಸಿ ತಾನೇ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಯಾರೂ ಬರಲಿಲ್ಲ. ಮುನ್ನಿ ಬೆಳೆದು ಕಾಮಸಮುದ್ರದ ಕಡೆಗೆ ಮದುವೆಯಾಗಿ ಹೋದಳು. ಧಾರೆ ಎರೆದವಳು ಬಂತೋ.

ಸ್ವಾತಂತ್ರ್ಯ ಬಂದ ವರ್ಷ ಪಾಪಕ್ಕ ಹಾಸಿಗೆ ಹಿಡಿದಳು. ಆಸ್ಪತ್ರೆಯಿಂದ ಕಹಿ ಔಷಧಿಯ ಸೀಸೆ ಬಂತು. ಅದರಲ್ಲಿ ಏನು ಬೆರೆಸಿದ್ದಾರೋ ಎಂದು ಪಾಪಕ್ಕ ಬಾಯಿ ಬಿಗಿದು ಮಲಗಿಬಿಟ್ಟಳು. ಬಂತೋ ಲೋಟಕ್ಕೆ ಬಗ್ಗಿಸಿ, ಮೊದಲು ತಾನೊಂದು ಗುಟುಕು ಕುಡಿದು, ಮುಖ ಕಿವುಚಿದಳು. ಪಾಪಕ್ಕ ಕೈ ಚಾಚಿ ಲೋಟ ಇಸಿದುಕೊಂಡಳು.