ಹಜಾರದೊಳಗಿನ ಸಾತ್ಸುಕಿ

ನನ್ನ ಓರಗಿತ್ತಿ ಮಿಸಾವೊ ಮಂಗಳವಾರ ಬೆಳಿಗ್ಗೆ ಕನುಮಾದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೃದಯ ನಿಂತಿತ್ತು.

ಅಂತ್ಯಕ್ರಿಯೆಗೆ ಬಂದ ವಸತಿಗೃಹದ ಮಾಲೀಕ ಓನುಕಿ ಧೂಪ ಹಚ್ಚಿ ಕೈಮುಗಿದ. ಆಮೇಲೆ ನನ್ನ ಪಕ್ಕಕ್ಕೆ ಬಂದು, “ಚಿಕ್ಕಮ್ಮನ ನೆನಪಿಗೆ ಆ ಗಿಡ ಮತ್ತೆ ನಮ್ಮ ಹಜಾರದಲ್ಲೇ ಇರ್ಲಿ ಅಲ್ವಾ?” ಎಂದ. ಸತ್ತವಳ ಎದುರಿಗೇ ಕೇಳಿದ! ಕೊಡುವುದಿಲ್ಲ ಎಂದೆ. ಯಾಕೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಅದು ನಮ್ಮಿಬ್ಬರ ಮಾವ ಕುಂಡದಲ್ಲಿ ನೆಟ್ಟಿದ್ದ ಸಾತ್ಸುಕಿ ಹೂಗಿಡ. ಮೊಣಕಾಲೆತ್ತರ, ಬುಡ ಮಾತ್ರ ತೋಳಿನಷ್ಟು ದಪ್ಪ. ಮಳೆಗಾಲದ ಆರಂಭದಲ್ಲಿ ಒಂದೇ ಕೊಂಬೆಯ ಮೇಲೆ ಬಿಳಿ ಹೂ, ಕೆಂಪು ಹೂ, ಗೆರೆಯ ಹೂ. ಅರಳಿದಾಗ ಎರಡು ಮೂರು ದಿನ ಒಳಗೆ ತಂದಿಟ್ಟು ನೋಡುತ್ತೇವೆ, ಮತ್ತೆ ಹೊರಗಿನ ಹಲಗೆಗೆ ಒಯ್ಯುತ್ತೇವೆ. ಗಾಳಿ, ಇಬ್ಬನಿ ಇಲ್ಲದೆ ಅದು ಬದುಕುವುದಿಲ್ಲ. ಓನುಕಿಗೆ ಇದು ಗೊತ್ತಿರಲಿಲ್ಲವೆಂದು ಯಾರೂ ಹೇಳಬೇಡಿ. ಅವನ ಅಪ್ಪ ಇಂಥ ಗಿಡಗಳ ನಡುವೆಯೇ ಮುದುಕನಾದವನು.

ಈ ಸಲ ಹೂ ಬಿಟ್ಟಾಗ ವಾರಾಂತ್ಯಕ್ಕೆಂದು ಕೇಳಿ ಒಯ್ದವನು ಅದನ್ನು ಹಜಾರದಲ್ಲಿ, ಏಸಿಯ ಕೆಳಗೆ ಇಟ್ಟುಕೊಂಡ. ಫೋನ್ ಮಾಡಿದಾಗಲೆಲ್ಲ ನಾಳೆ, ನಾಳೆ. ಕೊನೆಗೆ ಮಿಸಾವೊ, ನಾನು ಇಬ್ಬರೇ ಹೋದೆವು. ಕುಂಡದ ಪಾಚಿ ಒಣಗಿತ್ತು. ಎಲೆ ಮುಟ್ಟಿದರೆ ಉದುರುತ್ತಿತ್ತು.

“ಹೂವಿನ್ನೂ ಇದೆಯಲ್ಲ ಚಿಕ್ಕಮ್ಮ. ಎಲ್ರೂ ಇದರ ಮುಂದೇನೇ ಫೋಟೋ ತೆಗೆಸ್ಕೋತಾರೆ. ಭಾನುವಾರದವರೆಗೆ ಬಿಡಿ.”

“ಸಾಯೋ ಗಿಡ ಕಣೋ ಇದು. ನಿಮ್ಮಪ್ಪ ಇದ್ದಿದ್ರೆ ನಿನ್ನನ್ನೇ ಕುಂಡದಲ್ಲಿ ನೆಟ್ಟು ಏಸಿ ಕೆಳಗೆ ಇಡ್ತಿದ್ರು.”

“ಮೆಲ್ಲಗೆ, ಅತಿಥಿಗಳಿಗೆ ಕೇಳ್ಸುತ್ತೆ.”

“ಕೇಳ್ಲಿ ಅಂತಾನೇ ಹೇಳ್ತಿರೋದು.”

ಮಿಸಾವೊ ಅಲ್ಲೇ ಮಂಡಿಯೂರಿ ಹೂ ಕೀಳತೊಡಗಿದಳು. ಸೊರಗಿದ ಗಿಡದ ಮೇಲೆ ಹೂ ಉಳಿಸಬಾರದು, ಉಳಿದ ಶಕ್ತಿಯನ್ನೂ ಅದು ಹೀರಿಬಿಡುತ್ತದೆ. ಬೀಜ ಕಟ್ಟುವ ಬುಡದ ಸಮೇತ ಒಂದೊಂದನ್ನೂ ತಿರುಚಿ ತೆಗೆದಳು. “ಅಯ್ಯೋ, ಸಾಕು!” ಎಂದು ಓನುಕಿ ಅವಳ ಮೊಣಕೈ ಹಿಡಿದ. ಅವಳು ಕೊಡವಿಕೊಂಡಳು. ಫೋಟೋಗೆ ನಿಂತಿದ್ದವರು ಗೊಣಗುತ್ತಾ ಸರಿದರು. ಬೋಳು ಗಿಡ ಎತ್ತಿಕೊಂಡು ಹೊರಟ ನಮ್ಮನ್ನು ಯಾರೂ ತಡೆಯಲಿಲ್ಲ. ಬಾಗಿಲನ್ನು ಓನುಕಿಯೇ ತೆರೆದುಕೊಟ್ಟ.

ಮನೆಯ ಹಿತ್ತಲಿಗೆ ಬಂದಾಗ ಹನಿಯುತ್ತಿತ್ತು. ನೆರಳುಬಲೆಯ ಕೆಳಗಿನ ಹಲಗೆಯ ಮೇಲೆ ಕುಂಡ ಇಳಿಸಿದೆವು. ಅವಳು ಎದೆ ಹಿಡಿದುಕೊಂಡಳು. ಮುಖ ಬಿಳಿಚಿತ್ತು.

“ಕೂತ್ಕೋ ಮಿಸಾ, ಆಂಬುಲೆನ್ಸ್ ಕರೀತೀನಿ.”

“ಕರಿ, ಕರಿ. ಇಲ್ನೋಡು, ಇವಳೊಬ್ಬಳು ಅಡಗಿ ಕೂತಿದಾಳೆ.”

ಕೆಳಗಿನ ಕೊಂಬೆಯ ಹಿಂದಿದ್ದ ಆ ಮೊಗ್ಗನ್ನು ಚಿವುಟಿ ನನ್ನ ಅಂಗೈಗೆ ಹಾಕಿದಳು.