ನೀರು ನೋಡಾಕೆ ಬರ್ತಾರೆ

ಮದುವೆಯಾಗಿ ಚನ್ನಗಿರಿಗೆ ಬಂದ ಹೊಸದರಲ್ಲಿ, ನಮ್ಮತ್ತೆ ನೀರು ಸೋಸುವಾಗ ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಬಾವಿಯ ನೀರನ್ನು ನಿಧಾನವಾಗಿ ಹುಯ್ಯುತ್ತಿದ್ದರು. ಹೊಸ ಸೊಸೆ ಮನೆಯ ರೀತಿ ರಿವಾಜು ಕಲಿಯುತ್ತಿದ್ದಾಳೆ ಎಂದು ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ಹಿಗ್ಗಿದರು. ಅವರು ಬಟ್ಟೆ ಕೊಡವುವ ಮೊದಲೇ ನಾನು ಅದನ್ನು ಕಸಿದುಕೊಂಡು ಭೂತಗನ್ನಡಿ ಹಿಡಿದ ದಿನ ಆ ಹಿಗ್ಗು ಇಳಿಯಿತು. ಸೋಸಿದ ನೀರು ಅವರಿಗೆ, ಬಟ್ಟೆಯಲ್ಲಿ ಉಳಿದದ್ದು ನನಗೆ. ಈ ಹಂಚಿಕೆಯಲ್ಲಿ ನಾವಿಬ್ಬರೂ ಕೊನೆಯವರೆಗೂ ಜಗಳವಿಲ್ಲದೆ ಬಾಳಿದೆವು.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವುದು ಸಂಬಳದ ಕೆಲಸ. ಕೆರೆ, ಹಳ್ಳ, ಹೊಂಡಗಳಲ್ಲಿ ಬದುಕುವ ಹುಳಗಳನ್ನು ಹುಡುಕುವುದು ನನ್ನ ನಿಜವಾದ ಕೆಲಸ. ಇದನ್ನು ಯಾರಿಗೂ ವಿವರಿಸಿ ಹೇಳಲು ನನ್ನಿಂದ ಆಗಲಿಲ್ಲ, ಯಾಕೆಂದರೆ ನಮ್ಮ ಭಾಷೆಯಲ್ಲಿ ಇವಕ್ಕೆಲ್ಲ ಇರುವುದು ಒಂದೇ ಪದ, ಹುಳ. ಹಲ್ಲಿಗೆ ಹುಳ, ಹೊಟ್ಟೆಯಲ್ಲಿ ಹುಳ, ಅಕ್ಕಿಯಲ್ಲಿ ಹುಳ, ತಲೆಯಲ್ಲಿ ಬಿಟ್ಟ ಹುಳ. ಮರ್ಯಾದೆಯಿಂದ ಬದುಕುತ್ತಿರುವುದು ರೇಷ್ಮೆ ಹುಳ ಒಂದೇ, ಅದನ್ನೂ ಕೊನೆಗೆ ಬೇಯಿಸುತ್ತಾರೆ. ಗಂಭೀರವಾಗಿರಲಿ ಎಂದು ಕೀಟ ಅಂದರೆ ಜನರಿಗೆ ನೆನಪಾಗುವುದು ಕೀಟನಾಶಕದ ಅಂಗಡಿ. ಹುಳ ಇರುವ ನೀರು ಕೆಟ್ಟ ನೀರು ಎಂದು ಎಲ್ಲರಿಗೂ ಗೊತ್ತು. ಕೆಲವು ಹುಳಗಳು ಶುದ್ಧ ನೀರಲ್ಲದೆ ಬೇರೆಲ್ಲೂ ಬದುಕುವುದಿಲ್ಲ, ಅವು ಇದ್ದರೆ ನೀರು ಚೆನ್ನಾಗಿದೆ ಎಂದೇ ಅರ್ಥ ಎಂದು ನಾನು ಹೇಳಿದಾಗ, ಪಾಪ, ಓದಿ ಓದಿ ಹೀಗಾಗಿದೆ ಎಂಬ ಮುಖ ಮಾಡುತ್ತಿದ್ದರು.

ಸೂಳೆಕೆರೆಯಲ್ಲಿ ಮೀನು ಹಿಡಿಯುವವರು ನನ್ನ ಚಿಕ್ಕ ಬಲೆ ನೋಡಿ, 'ಇದ್ರಾಗೆ ಏನ್ ಬೀಳ್ತೈತ್ರೀ ಮೇಡಂ, ಒಂದು ಸಾರಿಗೂ ಆಗಲ್ಲ' ಎಂದು ಕನಿಕರದಿಂದ ಎರಡು ಮೀನು ಕೊಟ್ಟು ಕಳಿಸುತ್ತಿದ್ದರು. ಹೊನ್ನಾಳಿಯಲ್ಲಿ ಹೊಳೆಯ ಕಲ್ಲುಗಳನ್ನು ಒಂದೊಂದಾಗಿ ಮಗುಚಿ ನೋಡುತ್ತಿದ್ದರೆ ಬಟ್ಟೆ ಒಗೆಯುವ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ನನ್ನ ಜೊತೆ ಹುಡುಕಲು ಬಂದರು. ಕಿವಿಯ ಓಲೆ ಬಿದ್ದಿದೆ ಅಂದುಕೊಂಡಿದ್ದರಂತೆ. ನ್ಯಾಮತಿಯಲ್ಲಿ ಇನ್ನೂ ಮೇಲು. ಡೆಂಗಿ ಕಾಲದಲ್ಲಿ ಸೊಳ್ಳೆ ಮರಿ ಹುಡುಕಲು ಮನೆಮನೆಗೆ ಬರುವವರಲ್ಲಿ ನಾನೂ ಒಬ್ಬಳೆಂದು ತಿಳಿದು, ನಾನು ಹಳ್ಳದ ದಾರಿ ಕೇಳಲು ಕೇರಿಯೊಳಗೆ ಕಾಲಿಟ್ಟ ಕೂಡಲೇ ಡ್ರಮ್ಮು, ಕೊಳಗಗಳ ನೀರನ್ನೆಲ್ಲ ಚರಂಡಿಗೆ ಚೆಲ್ಲಿದರು. ಎರಡು ದಿನಕ್ಕೊಮ್ಮೆ ನಲ್ಲಿ ಬಿಡುವ ಕೇರಿ ಅದು. ಆ ಬೈಗುಳವನ್ನು ನಾನಿಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಹಸಿರು, ಹೊಳೆ, ಕೆರೆಗಳಲ್ಲಿ ಸಿಗದಿದ್ದದ್ದು ನನಗೆ ಸಿಕ್ಕಿದ್ದು ಜಗಳೂರು ತಾಲ್ಲೂಕಿನಲ್ಲಿ. ಬೇಸಗೆಯಲ್ಲಿ ಟ್ಯಾಂಕರ್ ದಾರಿ ಕಾಯುವ ಸೀಮೆ. ಅಲ್ಲೊಂದು ಚಿಕ್ಕ ಊರು, ಗುಡ್ಡದ ಬುಡದಲ್ಲಿ ಕಲ್ಲಿನ ಮೆಟ್ಟಿಲಿರುವ ಹಳೆಯ ಹೊಂಡ. ಮೂಲೆಯೊಂದರಲ್ಲಿ ಕಲ್ಲಿನ ಸಂದಿಯಿಂದ ಸದ್ದಿಲ್ಲದೆ ನೀರು ಜಿನುಗುತ್ತದೆ. ಆ ಹೊಂಡದ ಪಾಚಿಯಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಒಂದು ಮರಿಹುಳ. ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಅಂಚಿಗೆ ಎಲೆಗಳಂಥ ಕಿವಿರು. ಉಸಿರಾಡಿದಾಗ ಆ ಎಲೆಗಳೆಲ್ಲ ಒಟ್ಟಿಗೆ ನಡುಗುತ್ತವೆ. ಈ ಜಾತಿಯವು ನೀರಿನಲ್ಲಿ ತಿಂಗಳುಗಟ್ಟಲೆ ಬೆಳೆದು, ರೆಕ್ಕೆ ಮೂಡಿ ಹೊರಬಂದ ಮೇಲೆ ಒಂದೆರಡು ದಿನವೂ ಬದುಕುವುದಿಲ್ಲ. ರೆಕ್ಕೆ ಬಂದ ಮೇಲೆ ಅವಕ್ಕೆ ಉಣ್ಣುವ ಬಾಯಿಯೂ ಇರುವುದಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಇಡೀ ಜೀವನ ಕಳೆದ ನನಗೆ ಆ ಕಾರಣಕ್ಕೇ ಅವುಗಳ ಮೇಲೆ ಗೌರವ.

ಈ ಮರಿ ನಾನು ಓದಿದ ಯಾವ ವಿವರಣೆಗೂ ಹೊಂದಲಿಲ್ಲ. ಹೊಸದು ಎಂದು ನನ್ನ ಮನಸ್ಸು ಹೇಳಿತು, ಆದರೆ ಮನಸ್ಸು ಹೇಳಿದ್ದಕ್ಕೆ ಶಾಸ್ತ್ರದಲ್ಲಿ ಬೆಲೆಯಿಲ್ಲ. ಇದೇ ಮರಿ ರೆಕ್ಕೆ ಬಿಚ್ಚಿ ಹಾರುವುದನ್ನು ಕಣ್ಣಾರೆ ಕಂಡು, ಆ ರೆಕ್ಕೆಯ ಹುಳವನ್ನು ಹಿಡಿದು ತೋರಿಸಿದರೆ ಮಾತ್ರ ಅದಕ್ಕೊಂದು ಹೆಸರು. ಆ ಊರಿನ ಹೆಸರನ್ನೇ ಇಡಬೇಕೆಂದು ನಾನು ನಿರ್ಧರಿಸಿಯಾಗಿತ್ತು. ಬಕೆಟ್ಟಿನಲ್ಲಿ ಚನ್ನಗಿರಿಗೆ ತಂದು ಸಾಕಲು ನೋಡಿದೆ; ಬಸ್ಸಿನ ಕುಲುಕಾಟ, ಬಿಸಿಲು, ದಾರಿಯಲ್ಲೇ ಸತ್ತವು. ಅಲ್ಲೇ ಕಾದು ಕೂರೋಣ ಎಂದರೆ ಅವು ಹಾರುವುದು ಮುಂಗಾರು ಹಿಡಿಯುವ ಮುಂಚಿನ ಒಂದೇ ವಾರ. ಆ ವಾರ ಒಂದು ವರ್ಷ ಪರೀಕ್ಷೆ, ಇನ್ನೊಂದು ವರ್ಷ ಚುನಾವಣೆ ಡ್ಯೂಟಿ, ಮತ್ತೊಂದು ವರ್ಷ ನಾದಿನಿಯ ಮದುವೆ. ನಾನು ಹೋಗುವ ಹೊತ್ತಿಗೆ ನೀರಿನ ಮೇಲೆ ಅವು ಕಳಚಿಟ್ಟ ಪೊರೆಗಳು ಮಾತ್ರ ತೇಲುತ್ತಿದ್ದವು. ನನ್ನ ಸರ್ವೀಸೆಲ್ಲ ಹೀಗೇ ಸವೆಯಿತು.

ನಿವೃತ್ತಿಗೆ ಮುಂಚಿನ ಬೇಸಗೆಯಲ್ಲಿ ಎಲ್ಲ ಕೂಡಿಬಂತು. ಯಾವ ಡ್ಯೂಟಿಯೂ ಇರಲಿಲ್ಲ, ನಾದಿನಿಯರೆಲ್ಲರ ಮದುವೆಯೂ ಆಗಿತ್ತು. ಮರಿಗಳ ಬೆನ್ನ ಮೇಲೆ ರೆಕ್ಕೆಯ ಮೊಗ್ಗು ಉಬ್ಬಿತ್ತು. ಅದು ಕಪ್ಪಾದರೆ ಮರುದಿನವೇ ಹಾರುತ್ತವೆ. ಇಂಥ ಹುಳಗಳಿಗೆ ಹೆಸರಿಡುವುದರಲ್ಲಿ ಪಳಗಿದ ಹಿರಿಯರೊಬ್ಬರು ಹೊರ ರಾಜ್ಯದಿಂದ ಬರಲು ಒಪ್ಪಿದರು. ಹೊಂಡದ ಮೂಲೆಗೆ ಸೊಳ್ಳೆ ಪರದೆ ಕಟ್ಟಿ ಬಂದೆ, ಹಾರಿದವು ಅದರೊಳಗೇ ಸಿಗಲಿ ಎಂದು.

ಹೊಂಡದ ಎದುರು ಮನೆಯಾಕೆ ಪಂಚಾಯ್ತಿ ಮೆಂಬರ್. ಗಟ್ಟಿ ದನಿ, ಗಟ್ಟಿ ಟೀ. ಆಕೆಗೆ ಹೇಳಿದೆ: 'ಬರೋ ವಾರ ದೊಡ್ಡೋರೊಬ್ರು ಹೊಂಡದ ನೀರು ನೋಡಾಕೆ ಬರ್ತಾರೆ ಕಣವ್ವ. ಅಲ್ಲೀಗಂಟ ನೀರು ಚೆನ್ನಾಗಿ ನೋಡ್ಕಳ್ರಿ.'

'ನೋಡಾಕೆ ಬರ್ತಾರಾ?' ಆಕೆ ಕಣ್ಣರಳಿಸಿದಳು. 'ನೀವು ಚಿಂತಿ ಮಾಡಬ್ಯಾಡ್ರಿ ಮೇಡಂ. ನಮ್ಮೂರ ಮರ್ಯಾದಿ ಪ್ರಶ್ನಿ.'

ನಾನು ನೆಮ್ಮದಿಯಿಂದ ಬಸ್ಸು ಹತ್ತಿದೆ. ನಮ್ಮ ಕಡೆ 'ನೋಡಾಕೆ ಬರ್ತಾರೆ' ಅಂದರೆ ಏನರ್ಥ ಎಂದು ನನಗೆ ಗೊತ್ತಿರಲಿಲ್ಲವೇ? ನನ್ನನ್ನೇ ಹಾಗೆ ನೋಡಲು ಬಂದಿದ್ದರು. ಎಣ್ಣೆ ಹಚ್ಚಿ ತಲೆ ಎರೆದು, ಮುಖಕ್ಕೆ ಪೌಡರ್ ಬಳಿದು, ಅತ್ತಿಗೆಯ ಸೀರೆ ಉಡಿಸಿ, ನನ್ನ ನಿಜವಾದ ಗುರುತು ಒಂದೂ ಕಾಣದ ಹಾಗೆ ಚಾಪೆಯ ಮೇಲೆ ಕೂರಿಸಿದ್ದರು. ಹೊಂಡಕ್ಕೂ ಅದೇ ಗತಿ ಬರಬಹುದು ಎಂದು ಹೊಳೆಯಲಿಲ್ಲ, ಅಷ್ಟೆ.

ಹಿರಿಯರನ್ನು ಕರೆದುಕೊಂಡು ಜೀಪಿನಲ್ಲಿ ಇಳಿದಾಗ ಮೊದಲು ಕಂಡದ್ದು ಮಾವಿನ ತೋರಣ. ಮೆಟ್ಟಿಲಿಗೆ ಸುಣ್ಣ, ಸುಣ್ಣದ ಮೇಲೆ ಕೆಮ್ಮಣ್ಣಿನ ಪಟ್ಟೆ, ದಾರಿಯುದ್ದಕ್ಕೂ ರಂಗೋಲಿ. ಮೋಟರಿಟ್ಟು ನೀರೆತ್ತಿ, ಪಾಚಿ ಕೆರೆದು, ಹೂಳು ತೆಗೆದು, ಮತ್ತೆ ನೀರು ತುಂಬಿದ ಮೇಲೆ ಒಂದು ಚೀಲ ಬ್ಲೀಚಿಂಗ್ ಪೌಡರ್ ಹಾಕಿದ್ದರು. ಹೊಂಡದ ತಳದ ಕಲ್ಲು ಕಲ್ಲೂ ಕಾಣುತ್ತಿತ್ತು. ಆಸ್ಪತ್ರೆಯ ವರಾಂಡದ ವಾಸನೆ. ನನ್ನ ಸೊಳ್ಳೆ ಪರದೆಯನ್ನೂ ಒಗೆದು, ಒಣಗಿಸಿ, ಮಡಿಸಿ, ತಟ್ಟೆಯಲ್ಲಿ ಎಲೆ ಅಡಿಕೆಯ ಪಕ್ಕ ಇಟ್ಟಿದ್ದರು.

'ನೋಡ್ರಿ ಮೇಡಂ,' ಮೆಂಬರ್ ನನ್ನ ಕೈ ಹಿಡಿದುಕೊಂಡಳು. 'ಊರಿಗೆ ಊರೇ ಮೂರು ದಿನ ಕೂಲಿ ಬಿಟ್ಟು ಮಾಡೀವಿ. ಒಂದ್ ಹುಳ ತೋರಿಸ್ರಿ ನೋಡಾಣ!'

ಹಿರಿಯರು ಮಂಡಿ ನೋವಿದ್ದರೂ ಮೆಟ್ಟಿಲ ಮೇಲೆ ಕೂತು, ಸುಣ್ಣದ ಅಂಚಿಗೆ ಸಿಕ್ಕಿಕೊಂಡಿದ್ದ ಏನನ್ನೋ ಬೆರಳಿನಿಂದ ಬಿಡಿಸಿ ನನ್ನ ಅಂಗೈ ಮೇಲಿಟ್ಟರು. ಮೂರು ಎಳೆಯ ಬಾಲ. ಬೆನ್ನ ಮೇಲಿನ ಮೊಗ್ಗು ಕಪ್ಪಾಗಿತ್ತು.

'ಇನ್ನೊಂದು ದಿನ ಸಾಕಿತ್ತು' ಎಂದರು.

ಸಿಟ್ಟು ಬಂತು, ಬರೀ ಸಿಟ್ಟಲ್ಲ, ಯಾರನ್ನಾದರೂ ಹೊಡೆಯಬೇಕು ಎನ್ನುವಂಥ ಸಿಟ್ಟು. ಆದರೆ ಯಾರನ್ನು? ಮೂರು ದಿನ ಕೂಲಿ ಬಿಟ್ಟವರು ಸುತ್ತ ನಿಂತು, ನಾನು ಹೊಗಳುವುದನ್ನೇ ಕಾಯುತ್ತಿದ್ದರು. ಮಕ್ಕಳಿಗೆ ಹೊಸ ಬಟ್ಟೆ ಹಾಕಿಸಿದ್ದರು. ಅಷ್ಟರಲ್ಲಿ ನನ್ನನ್ನು ಶಾಮಿಯಾನದ ಕೆಳಗೆ ಕೂರಿಸಿ ಶಾಲು ಹೊದಿಸಿಯೂ ಆಯಿತು. ಪಂಚಾಯ್ತಿ ಅಧ್ಯಕ್ಷರು ಮೈಕು ಹಿಡಿದು, ಮೇಡಂ ಅವರು ಇಡೀ ಆಯಸ್ಸನ್ನು ನೀರಿನ ಹುಳಗಳ ವಿರುದ್ಧ ಹೋರಾಟಕ್ಕೆ ಮುಡಿಪಾಗಿಟ್ಟಿದ್ದಾರೆ, ಆ ಹೋರಾಟ ಇಂದು ನಮ್ಮೂರಲ್ಲಿ ಗೆದ್ದಿದೆ ಎಂದರು. ನನ್ನ ಸಂಶೋಧನೆಯನ್ನು ಒಂದೇ ವಾಕ್ಯದಲ್ಲಿ ಅಷ್ಟು ಸ್ಪಷ್ಟವಾಗಿ ಅದುವರೆಗೆ ಯಾರೂ ಹೇಳಿರಲಿಲ್ಲ.

ಮೈಕು ನನ್ನ ಕೈಗೆ ಬಂತು. ನಿಜ ಹೇಳಬೇಕೆಂದೇ ಎದ್ದು ನಿಂತೆ. 'ಈ ನೀರಿನಾಗೆ ಈಗ ಏನೂ ಇಲ್ಲ,' ಎಂದೆ. 'ಒಂದು ಹುಳಾನೂ ಉಳಿದಿಲ್ಲ.' ಅಲ್ಲಿಗೇ ಅಳು ಬಂದುಬಿಟ್ಟಿತು. ಚಪ್ಪಾಳೆ ಗುಡ್ಡಕ್ಕೆ ಬಡಿದು ತಿರುಗಿ ಬಂತು. ನನ್ನ ಕಣ್ಣೀರು ನೋಡಿ ಮೆಂಬರ್ ಕೂಡ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಿರಿಯರು ಟೀ ಕುಡಿದು, ಸತ್ತ ಮರಿಯನ್ನಷ್ಟೇ ನೋಡಿ ಹೆಸರಿಡಲು ಬರುವುದಿಲ್ಲವಲ್ಲ ಎಂದು ಬೇಸರಪಟ್ಟು ಹೊರಟು ಹೋದರು.

ಮರು ವರ್ಷ ನಿವೃತ್ತಿ, ಬೀಳ್ಕೊಡುಗೆ, ಇನ್ನೊಂದು ಶಾಲು. ಆ ಬೇಸಗೆ ಸೊಂಟ ಹಿಡಿದುಕೊಂಡು ಮಲಗಿದೆ. ಮಲಗಿದ್ದಾಗ ಯೋಚನೆಗೆ ಬೇರೆ ಕೆಲಸವಿರಲಿಲ್ಲ. ನೀರು ಜಿನುಗುವ ಆ ಕಲ್ಲಿನ ಸಂದಿಯೊಳಗೆ ಪೊರಕೆ ಹೋಗಿರಲಿಕ್ಕಿಲ್ಲ, ಪೌಡರ್ ತಲುಪಿರಲಿಕ್ಕಿಲ್ಲ, ನಾಲ್ಕಾರು ಮರಿ ಉಳಿದಿದ್ದರೂ ಸಾಕು ಎಂದು ಲೆಕ್ಕ ಹಾಕಿದೆ. ಗಂಡ 'ಮತ್ತೆ ಹುಳ ಹೊಕ್ಕಿತು' ಎಂದರು. ಹೌದು, ಹೊಕ್ಕಿತ್ತು.

ಈ ವರ್ಷ ಸೊಂಟದ ಬೆಲ್ಟು ಕಟ್ಟಿಕೊಂಡು, ಯಾರಿಗೂ ತಿಳಿಸದೆ, ಅದೇ ವಾರ ಹೋದೆ. ಬಸ್ಸಿಳಿದು ನೇರ ಹೊಂಡದ ಹಿಂಬದಿಗೆ ನಡೆದು, ಕೆಳಗಿನ ಮೆಟ್ಟಿಲಿಗೆ ಮೆಲ್ಲನೆ ಇಳಿದು ಸಂದಿಯ ಪಾಚಿಯನ್ನು ಸರಿಸಿದೆ. ಮೂರು ಎಳೆಯ ಬಾಲವೊಂದು ಅಲುಗಿತು. ಪಕ್ಕದಲ್ಲಿ ಇನ್ನೊಂದು. ಕಿವಿರಿನ ಎಲೆಗಳೆಲ್ಲ ಒಟ್ಟಿಗೆ ನಡುಗುತ್ತಿದ್ದವು, ಬೆನ್ನ ಮೇಲೆ ಮೊಗ್ಗು ಕಪ್ಪಾಗಿತ್ತು. ಈ ವಯಸ್ಸಿನಲ್ಲಿ, ಈ ಸೊಂಟದಲ್ಲಿ, ನಾನು ನೀರಿನೊಳಗೆ ಕುಣಿಯದೆ ಇದ್ದದ್ದು ಬೆಲ್ಟಿನ ದೆಸೆಯಿಂದ. ಒಂದು ಮಗುವಿನ ಹಾಗೆ ಖುಷಿಯಾಗಿತ್ತು ನನಗೆ.

ಆಗ ಎದುರು ಮೆಟ್ಟಿಲ ಕಡೆಯಿಂದ ಆ ಗಟ್ಟಿ ದನಿ ಕೇಳಿಸಿತು. 'ಅಯ್ಯೋ, ಮೇಡಮ್ಮೋರು! ಹೇಳಿ ಬರಬಾರದೇನ್ರೀ, ಇನ್ನೂ ಪೂರ್ತಿ ಆಗಿಲ್ಲ!' ಮೆಂಬರ್, ಅವಳ ಹಿಂದೆ ಪೊರಕೆ ಹಿಡಿದ ಐದಾರು ಹೆಂಗಸರು, ಸುಣ್ಣದ ಬಕೆಟ್ಟು.

'ಏನಿದು?' ಎಂದೆ.

'ನಿಮ್ ಹೆಸರಿನಾಗೆ ಮಾಡ್ತೀವ್ರೀ. ಹೋದ ವರ್ಷಾನೂ ಮಾಡಿದ್ವಿ. ಅವತ್ತು ನೀವು ಏನೂ ಇಲ್ಲ ಅಂತ ಅತ್ತುಬಿಟ್ರಲ್ಲ, ಅದು ನಮ್ಮ ಮನಸ್ಸಿನಾಗೆ ನಿಂತುಬಿಡ್ತು. ಇದೇ ವಾರ, ಯಾವತ್ತೂ ತಪ್ಸಲ್ಲ.'

ಈ ಸಲ ಮೈಕಿರಲಿಲ್ಲ, ಶಾಲೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನನಗೆ ಬೇಕಿದ್ದದ್ದೇ ಆ ಹುಳ ಎಂದೆ. ಅದು ಇದ್ದರೇ ನಿಮ್ಮ ನೀರು ಚೊಕ್ಕಟ, ಅದಕ್ಕೆ ನಿಮ್ಮೂರ ಹೆಸರು ಇಡಬೇಕು ಅಂತಿದ್ದೆ, ಅವತ್ತು ಅತ್ತದ್ದು ದುಃಖಕ್ಕೆ ಎಂದೆ. ಒಬ್ಬೊಬ್ಬರನ್ನೇ ಕರೆದು ಸಂದಿಯಲ್ಲಿ ತೋರಿಸಿದೆ.

ಮೆಂಬರ್ ಬಹಳ ಹೊತ್ತು ಬಗ್ಗಿ ನೋಡಿದಳು. 'ಇದಾ? ನಮ್ಮೂರ ಹೆಸರು ಇದಕ್ಕಾ?' ಎಂದಳು. ನಗಲಿಲ್ಲ. 'ಮೊದ್ಲೇ ಬಿಡಿಸಿ ಹೇಳಾದಲ್ವೇನ್ರೀ ಮೇಡಂ. ಇದನ್ನ ಕಾಯಾಕೆ ನಾವೇ ಕುಂದರ್ತಿದ್ವಿ.' ಪೊರಕೆಗಳನ್ನು ಕೆಳಗಿಡಲು ಹೇಳಿದಳು. ಮೆಟ್ಟಿಲು ಹತ್ತಿ ಹೋಗಿ, ಅಲ್ಲಿದ್ದ ಬ್ಲೀಚಿಂಗ್ ಪೌಡರ್ ಚೀಲದ ಬಾಯಿಯನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿದಳು. ನನಗೆ ಆಕೆಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಗಂಟು ಹಾಕಿ ಮುಗಿಸಿದವಳು ನನ್ನ ಕಡೆ ತಿರುಗಲಿಲ್ಲ. ನೀರನ್ನೇ ನೋಡುತ್ತಾ, ಎಂದೂ ಇಲ್ಲದ ಸಣ್ಣ ದನಿಯಲ್ಲಿ, 'ಈಗಷ್ಟೇ ಈ ಕಡೆ ನೀರಿಗೆ ಅರ್ಧ ಚೀಲ ಹಾಕಿಬಿಟ್ಟೀವಲ್ರೀ ಮೇಡಂ' ಎಂದಳು.