ರಾಣಿಯ ಅಕ್ಕನ ಮಗಳ ಮಗ

ಪೆನ್‌ಡ್ರೈವ್ ತೆರೆಯದೇ ಹೋಗಬಹುದು. ಯು-ಬಾನ್ ರೈಲು ಕೈಕೊಡಬಹುದು. ಬೆಳಿಗ್ಗೆ ಏಳುವಾಗಲೇ ಮಗಳ ಗಂಟಲು ಕಟ್ಟಿರಬಹುದು. ರಾಣಿಯ ಊರುಗಳ ಹೆಸರಿಗೆ ನಾಲಗೆ ಸಿಕ್ಕಿಕೊಂಡು ಹುಡುಗರು ನಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಅವಳು ತರಗತಿಯೆದುರು ನಿಂತು ಬಾಯಿಯನ್ನೇ ಬಿಡದಿರಬಹುದು.

ಈ ಕೊನೆಯದೊಂದು ಮಾತ್ರ ನನ್ನ ಹುಟ್ಟುಗುಣದ ಚಿಂತೆಯಲ್ಲ. ನನಗೆ ಸಿಕ್ಕ ಕೆಲಸದ ವೀಸಾ, ಅಂದರೆ ಬ್ಲೂ ಕಾರ್ಡಿನ ಬೆನ್ನಿಗೆ ನಾವು ನ್ಯೂರೆಂಬರ್ಗಿಗೆ ಬಂದ ಮೇಲೆ, ಮಗಳು ಮನೆಯಲ್ಲಿ ಜರ್ಮನ್‌ನಲ್ಲೇ ಜಗಳವಾಡುವಷ್ಟು ಪಳಗಿದ್ದಳು. ಶಾಲೆಯಲ್ಲಿ ಮಾತ್ರ ಮೂಕಿ. “ಬರೆಯುವುದೆಲ್ಲ ಚೆಂದ. ಅವಳ ದನಿ ಹೇಗಿದೆಯೆಂದೇ ನಮಗೆ ಗೊತ್ತಿಲ್ಲ” ಎಂದಿದ್ದರು ಟೀಚರ್. ಅದಕ್ಕೇ ಈ ರೆಫರಾಟ್, ಎಲ್ಲರೆದುರು ಒಬ್ಬಳೇ ನಿಂತು ಮಾಡುವ ಭಾಷಣ. ವಿಷಯ, ಮಧ್ಯಯುಗದ ಡೆನ್ಮಾರ್ಕಿನ ಒಬ್ಬ ರಾಣಿ.

ಸಹಾಯಕ್ಕೆಂದು ಕುಳಿತ ನಾನು ರಾಣಿಯ ಸಂಸಾರದೊಳಕ್ಕೆ ಇಳಿದೇಬಿಟ್ಟೆ. ಹತ್ತು ವರ್ಷಕ್ಕೆ ನಾರ್ವೆಯ ರಾಜನ ಜೊತೆ ಮದುವೆ. ಬೆಳೆಸಿದವಳು ಸ್ವೀಡನ್ನಿನ ಯಾರೋ ಹೆಂಗಸು. ಅಪ್ಪ ಹೋದ, ಗಂಡ ಹೋದ, ಹದಿಹರೆಯದಲ್ಲೇ ಇದ್ದೊಬ್ಬ ಮಗನೂ ಹೋದ. ಇಷ್ಟಾದ ಮೇಲೂ ಮೂರು ರಾಜ್ಯಗಳನ್ನು ಕೈಯಲ್ಲಿ ಹಿಡಿದವಳಿಗೆ ರಾತ್ರಿ ನಿದ್ದೆ ಬರುತ್ತಿತ್ತೇ? ಒಂದು ಪೆನ್‌ಡ್ರೈವಿಗೆ ನನಗೆ ಬರುತ್ತಿರಲಿಲ್ಲ.

ಭಾನುವಾರ ವಿಡಿಯೋ ಕಾಲ್‌ನಲ್ಲಿ ಊರಿನ ಅಮ್ಮನಿಗೂ ಕಥೆ ಹೇಳಿದೆ.

“ಪಾಪ. ಮತ್ತೆ ಪಟ್ಟಕ್ಕೆ ಯಾರನ್ನು ಕೂರಿಸಿದ್ದು?”

“ಅಕ್ಕನ ಮಗಳ ಮಗನನ್ನು ಕರೆಸಿ ಸಾಕಿಕೊಂಡಳಂತೆ.”

“ಹಾಗಾದ್ರೆ ಸರಿಯೇ ಉಂಟಲ್ಲ ಮಾರಾಯ್ತಿ! ಅಕ್ಕನ ಮಗಳು ಅಂದ್ರೆ ಇವಳಿಗೂ ಮಗಳೇ. ಅವಳ ಮಗ ಮೊಮ್ಮಗ. ಅದರಲ್ಲಿ ಎಂತ ಉಂಟು?”

ಹೆಣ್ಣಿನ ಕಡೆಯಿಂದ ಮನೆತನ ಎಣಿಸುವ ಕರಾವಳಿಯ ಕುಟುಂಬ ನಮ್ಮದು. ನನಗೂ ಅದರಲ್ಲಿ ಎಂತದೂ ಕಾಣಲಿಲ್ಲ. ವಂಶವೃಕ್ಷದ ಸ್ಲೈಡಿನಲ್ಲಿ ಆ ಹುಡುಗನನ್ನು ನೇರ ರಾಣಿಯ ಕೆಳಗೆ ತಂದು ಜರ್ಮನ್‌ನಲ್ಲಿ ‘ಮೊಮ್ಮಗ’ ಎಂದು ಬರೆದೆ. ಕೊನೆಯ ಸ್ಲೈಡಂತೂ ನನ್ನದೇ ಸಂಶೋಧನೆ: ರಾಣಿ ತೀರಿಕೊಂಡದ್ದು ಹಡಗಿನಲ್ಲಿ, ಈಗ ಜರ್ಮನಿಗೆ ಸೇರಿರುವ ಒಂದು ಬಂದರಿನಲ್ಲಿ.

“ಜರ್ಮನಿ ಅಂದ್ರೆ ಟೀಚರಿಗೆ ಖುಷಿಯಾಗ್ತದೆ,” ಎಂದೆ ಮಗಳಿಗೆ.

“ಅಮ್ಮಾ, ಸತ್ತದ್ದಕ್ಕೆ ಯಾರೂ ಖುಷಿಪಡಲ್ಲ,” ಎಂದಳು ಮಗಳು.

ಭಾಷಣದ ದಿನ ಸಂಜೆ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಕೇಳಿದೆ, “ಏನಾಯ್ತು?”

“ಒಬ್ಬ ಕೈ ಎತ್ತಿದ. ಇದ್ದೊಬ್ಬ ಮಗ ಮದುವೆಯಾಗದೆ ಸತ್ತ, ಮತ್ತೆ ಮೊಮ್ಮಗ ಎಲ್ಲಿಂದ ಬಂದ ಅಂತ. ಎಲ್ರೂ ನಕ್ರು.”

“ನೀನು?”

“ಸಿಟ್ಟು ಬಂತು. ಬೋರ್ಡಲ್ಲಿ ನಮ್ಮನೆದೇ ಬರೆದೆ. ಅಜ್ಜಿ, ಅಜ್ಜಿಯ ಅಕ್ಕ, ಅವರ ಮಗಳು, ಮಗಳ ಮಗ. ಅವನೂ ನಮ್ಮಜ್ಜಿಯನ್ನು ಅಜ್ಜಿ ಅಂತಲೇ ಕರೆಯೋದು, ನಿಮ್ಮದೇ ವಿಚಿತ್ರ ಅಂದೆ. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಕೊನೆಗೆ ಟೀಚರೇ, ಸಾಕು ಮಾರಾಯ್ತಿ, ಬೆಲ್ ಆಯ್ತು ಅಂದ್ರು. ಅಂದ್ರೆ, ಅವರ ಭಾಷೆಯಲ್ಲಿ.”

ನನ್ನ ಮೂಕಿಗೆ ಸಾಕು ಅಂದರಂತೆ! ಶೂ ಇನ್ನೂ ಕಾಲಲ್ಲೇ ಇತ್ತು. ಆದರೂ ಬಾಯಿ ಕೇಳಬೇಕಲ್ಲ.

“ಮತ್ತೆ, ನನ್ನ ಕೊನೆಯ ಸ್ಲೈಡ್?”

“ಟೈಮೇ ಇರ್ಲಿಲ್ಲ.”

ಹಾಗಾಗಿ ಆ ತರಗತಿಯ ಮಟ್ಟಿಗೆ ರಾಣಿ ಇನ್ನೂ ಹಡಗು ಹತ್ತಿಲ್ಲ.